ಬಿಚ್ಚಿ ಒಣಗಿಸುವ ದೋಣಿ

ದೋಣಿ ತನ್ನ ಆಯುಷ್ಯದ ದೊಡ್ಡ ಪಾಲನ್ನು ನೆಲದ ಮೇಲೆಯೇ ಕಳೆಯುತ್ತದೆ. ಚೆನ್ನೈನ ಮರಳ ದಂಡೆಯಿಂದ ನಸುಕಿಗೆ ಮುಂಚೆ ಕಡಲಿಗೆ ಇಳಿದ ಮೀನುಗಾರ ಬಿಸಿಲೇರುವ ಹೊತ್ತಿಗೆ ವಾಪಸಾದರೆ, ಉಳಿದ ಹದಿನಾರು ಹದಿನೇಳು ಗಂಟೆ ಅವನ ದೋಣಿ ದಡದಲ್ಲೇ ಬಿದ್ದಿರುತ್ತದೆ. ಬಿರುಗಾಳಿಯ ದಿನ, ಹಬ್ಬದ ದಿನ, ಮೀನೇ ಸಿಗದ ದಿನಗಳನ್ನೂ ಸೇರಿಸಿಕೊಂಡರೆ ಲೆಕ್ಕ ಇನ್ನಷ್ಟು ದಡದ ಕಡೆಗೆ ವಾಲುತ್ತದೆ. ಆದರೂ ದೋಣಿಗಳ ಬಗ್ಗೆ ಬರೆದವರೆಲ್ಲ ಬರೆದದ್ದು ಅಲೆ, ಹಾಯಿ, ಹುಟ್ಟು, ಪಯಣ. ದಡಕ್ಕೆ ಬಂದ ದೋಣಿಯನ್ನು ಎಲ್ಲಿ ಇಡುತ್ತಾರೆ, ಯಾವ ಮಗ್ಗುಲಿಗೆ ಮಲಗಿಸುತ್ತಾರೆ ಎನ್ನುವುದು ಊಟವಾದ ಮೇಲೆ ಪಾತ್ರೆ ತೊಳೆದು ಬೋರಲು ಹಾಕುವ ಕೆಲಸದ ಹಾಗೆ, ಪುಸ್ತಕಕ್ಕೆ ಬರುವಂಥದ್ದಲ್ಲ ಎಂದುಕೊಂಡಂತಿದೆ. ಚೆನ್ನೈನ ಮಟ್ಟಿಗೆ ಹೇಳುವುದಾದರೆ ಅದು ಅಷ್ಟು ಸಣ್ಣ ವಿಷಯವಲ್ಲ. ಈ ಪ್ರಶ್ನೆಯ ಮೇಲೆ ಆ ಊರಿನಲ್ಲಿ ಗುಂಡು ಹಾರಿದೆ.

ಈ ಕಾಲದ ಒಂದು ಸಣ್ಣ ಉದಾಹರಣೆಯಿಂದ ಶುರು ಮಾಡಬಹುದು. ಚೆನ್ನೈನಿಂದ ದಕ್ಷಿಣಕ್ಕೆ, ಈಸ್ಟ್ ಕೋಸ್ಟ್ ರೋಡಿನ ಪಕ್ಕದ ಮುಟ್ಟುಕಾಡು ಹಿನ್ನೀರಿನಲ್ಲಿ ಮತ್ತು ಅದರಾಚೆಯ ಕೋವಳಂ ತೀರದಲ್ಲಿ ಕಯಾಕ್ ನಡೆಸುವವರು ವಾರದ ಕೊನೆಯಲ್ಲಿ ಕಾಣಸಿಗುತ್ತಾರೆ. ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರುದೋಣಿ ಕಯಾಕ್. ಈಗ ಹೆಚ್ಚಾಗಿ ಸಿಗುವುದು ಪಾಲಿಥೀನನ್ನು ಅಚ್ಚಿನಲ್ಲಿ ಎರೆದು ಮಾಡಿದ್ದು. ಹತ್ತರಿಂದ ಹದಿನಾಲ್ಕು ಅಡಿ ಉದ್ದ, ಇಪ್ಪತ್ತು ಮೂವತ್ತು ಕಿಲೋ ತೂಕ. ಕೊಳ್ಳುವಾಗ ಎಲ್ಲರ ಗಮನ ನೀರಿನ ಮೇಲೆ. ಮನೆಗೆ ತಂದ ಮೇಲೆ ಏಳುವ ಪ್ರಶ್ನೆ ಬೇರೆ: ಇದನ್ನು ಇಡುವುದೆಲ್ಲಿ?

ಗೋಡೆಗೆ ಒರಗಿಸಿ ನಿಲ್ಲಿಸಿದರೆ ಭಾರವೆಲ್ಲ ಒಂದು ತುದಿಯ ಮೇಲೆ. ನೆಲದ ಮೇಲೆ ಸುಮ್ಮನೆ ಬಿಟ್ಟರೆ ದಿನ ಕಳೆದಂತೆ ತಳ ಚಪ್ಪಟೆಯಾಗುತ್ತದೆ. ಎರಡು ತುದಿಗೆ ಹಗ್ಗ ಕಟ್ಟಿ ಸೂರಿಗೆ ನೇತುಹಾಕಿದರೆ ನಡು ಜೋಲುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಮೆತ್ತಗಾಗುವ ವಸ್ತುವಾದ್ದರಿಂದ ಚೆನ್ನೈನ ಮೇ ತಿಂಗಳಿನಲ್ಲಿ ಈ ಎಲ್ಲ ತಪ್ಪುಗಳಿಗೂ ಬೇಗ ಫಲ ಸಿಗುತ್ತದೆ. ಅದಕ್ಕೇ ಕಯಾಕ್ ಇಟ್ಟುಕೊಂಡವರು ಲೋಕದ ಎಲ್ಲೆಡೆ ಮನೆಯಲ್ಲೇ ಒಂದು ಅಟ್ಟಣೆ ಮಾಡಿಕೊಳ್ಳುತ್ತಾರೆ. ನೆಟ್ಟಗೆ ನಿಂತ ಎರಡು ಚೌಕಟ್ಟು, ಅವುಗಳಿಂದ ಹೊರಚಾಚಿದ ತೋಳುಗಳು. ದೋಣಿಯ ಉದ್ದವನ್ನು ನಾಲ್ಕು ಪಾಲು ಮಾಡಿ, ಎರಡೂ ತುದಿಯಿಂದ ಹೆಚ್ಚುಕಡಿಮೆ ಒಂದೊಂದು ಪಾಲು ಒಳಗೆ ತೋಳು ಬರಬೇಕು. ಆಗ ನಡುವೂ ಜೋಲುವುದಿಲ್ಲ, ತುದಿಯೂ ಬಾಗುವುದಿಲ್ಲ. ತೋಳಿನ ಮೇಲೆ ಹಳೆ ಕಂಬಳಿಯೋ ರಬ್ಬರೋ ಸುತ್ತಿರಬೇಕು. ದೋಣಿಯ ಅಂಚು ತಳಕ್ಕಿಂತ ಗಟ್ಟಿಯಾದ್ದರಿಂದ ಅದನ್ನು ಬೋರಲಾಗಿಯೋ ಮಗ್ಗುಲಾಗಿಯೋ ಮಲಗಿಸಬೇಕು. ಒಳಗಿನ ಹಸಿ ಆರಲು ಬಿರಟೆ ತೆಗೆದಿಡಬೇಕು. ಇಷ್ಟೇ ವಿದ್ಯೆ.

ಚೆನ್ನೈನ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬಹಳ ದಿನ ಬಾಳುವುದಿಲ್ಲ. ಆದರೆ ಆ ಊರಿನಲ್ಲಿ ಅಗ್ಗವಾಗಿ ಸಿಗುವ ನೀಳ ಕಂಬವೊಂದಿದೆ: ಸರ್ವೆ ಮರದ್ದು, ತಮಿಳಿನಲ್ಲಿ ಸವುಕ್ಕು. ಮದರಾಸಿನ ಒಲೆಗಳಿಗೂ ರೈಲಿಗೂ ಉರುವಲಾಗಲೆಂದು ಹತ್ತೊಂಬತ್ತನೇ ಶತಮಾನದಲ್ಲಿ ಕೋರಮಂಡಲ ತೀರದ ಮರಳಿನ ಉದ್ದಕ್ಕೂ ನೆಟ್ಟ ಮರ ಅದು. ಇವತ್ತಿಗೂ ಕಟ್ಟಡಕ್ಕೆ ಸಾರುವೆ ಹಾಕುವುದರಿಂದ ಹಿಡಿದು ಮದುವೆ ಚಪ್ಪರದವರೆಗೆ ಸವುಕ್ಕಿನ ಗಳಗಳೇ. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ಅದರಿಂದಲೇ ಒಂದು ಅಟ್ಟಣೆ ಮಾಡಿಕೊಂಡರೆ ಕಯಾಕಿಗೆ ಧಾರಾಳವಾಯಿತು. ಹಗ್ಗ ಸಡಿಲವಾದರೆ ಮತ್ತೆ ಬಿಗಿದರಾಯಿತು. ತಮಾಷೆಯೆಂದರೆ, ಹಾಗೆ ಕಟ್ಟಿದ ಮರಕ್ಕೆ ತಮಿಳಿನಲ್ಲಿ ಅಕ್ಷರಶಃ ಹೇಳಬೇಕಾದ ಹೆಸರು ಕಟ್ಟುಮರಂ.

ಕಯಾಕಿಗೆ ಅಟ್ಟಣೆ ಕಟ್ಟುವುದು ಹೊಸ ಹವ್ಯಾಸಿಗಳ ಉಪಾಯವೂ ಅಲ್ಲ. ಕಯಾಕ್ ಹುಟ್ಟಿದ ಉತ್ತರ ಧ್ರುವದ ಸುತ್ತಿನ ನಾಡುಗಳಲ್ಲಿ, ಗ್ರೀನ್‌ಲ್ಯಾಂಡಿನಿಂದ ಅಲಾಸ್ಕಾವರೆಗೆ, ಇನ್ಯುಯಿಟ್ ಜನ ಸೀಲ್ ಪ್ರಾಣಿಯ ಚರ್ಮ ಹೊದಿಸಿದ ತಮ್ಮ ದೋಣಿಗಳನ್ನು ನೆಲದಿಂದ ಎತ್ತರದಲ್ಲಿ ಇಡುತ್ತಿದ್ದರು. ಮರ ಸಿಗದ ಕಡೆ ಕಲ್ಲು ಪೇರಿಸಿ ಎರಡು ಗುಡ್ಡೆ ಮಾಡಿ ಅದರ ಮೇಲೆ ದೋಣಿ; ಆ ಕಲ್ಲುಗುಡ್ಡೆಗಳು ಇವತ್ತಿಗೂ ಆರ್ಕ್‌ಟಿಕ್ ತೀರದ ಹಳೆಯ ನೆಲೆಗಳಲ್ಲಿ ಉಳಿದಿವೆ. ಕಾರಣ ಸರಳ. ಬಂಡಿ ಎಳೆಯುವ ನಾಯಿಗಳು ಹಸಿದಾಗ ದೋಣಿಯನ್ನೇ ತಿಂದುಬಿಡುತ್ತಿದ್ದವು. ಜೊತೆಗೆ ಚರ್ಮ ಒಣಗಬೇಕಿತ್ತು, ಇಲ್ಲದಿದ್ದರೆ ಕೊಳೆಯುತ್ತಿತ್ತು. ತುಂಗಭದ್ರೆಯ ಹರಿಗೋಲಿನ ಕಥೆಯೂ ಇದಕ್ಕೆ ದೂರದ್ದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತೆ ದುಂಡಗಿರುವ, ಬೆತ್ತದ ಹೆಣಿಗೆಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಕೆಲಸ ಮುಗಿದ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಾರೆ. ಹಂಪಿಗೆ ಹೋದವರೆಲ್ಲ ನೋಡಿರುವ ದೃಶ್ಯ. ಹೀಗೆ ಒಂದೊಂದು ದೋಣಿಗೂ ದಡದಲ್ಲಿ ಅದರದೇ ಒಂದು ಭಂಗಿ ಇದೆ. ಅದು ಏನರಿಂದ ಆಗಿದೆ, ಯಾವುದಕ್ಕೆ ಹೆದರುತ್ತದೆ ಎಂಬುದರ ಮೇಲೆ ಆ ಭಂಗಿ ನಿಂತಿದೆ.

ಚೆನ್ನೈನ ಹಳೆಯ ದೋಣಿಯ ಭಂಗಿ ಇವೆಲ್ಲಕ್ಕಿಂತ ವಿಚಿತ್ರವಾದದ್ದು. ದಡಕ್ಕೆ ಬಂದ ಕೂಡಲೇ ಅದು ದೋಣಿಯಾಗಿಯೇ ಉಳಿಯುತ್ತಿರಲಿಲ್ಲ.

ಕಟ್ಟುಮರಂ ಎಂಬ ಪದಕ್ಕೆ ಕನ್ನಡಿಗರಿಗೆ ಅನುವಾದ ಬೇಕಿಲ್ಲ. ಕಟ್ಟು, ಮರ. ಎರಡೂ ಪದ ಎರಡೂ ಭಾಷೆಯವು. ಕನ್ನಡದಲ್ಲಿ ಹಾಗೇ ತಮಿಳಿನಲ್ಲಿ ಮನೆ ಕಟ್ಟುವುದಕ್ಕೂ ಹಗ್ಗ ಕಟ್ಟುವುದಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನವರಿಗೆ ಎರಡು ಬೇಕು. ಈ ದೋಣಿಯ ವಿಷಯದಲ್ಲಿ ಎರಡು ಅರ್ಥವೂ ಒಂದೇ ಕೆಲಸದಲ್ಲಿ ಕೂಡಿಕೊಳ್ಳುತ್ತವೆ: ಅದನ್ನು ಕಟ್ಟುವುದೆಂದರೆ ಬಿಗಿಯುವುದು, ಬಿಗಿಯುವುದೆಂದರೆ ನಿರ್ಮಿಸುವುದು. ಪದ ಮಾತ್ರ ಬೇಗನೆ ದಾರಿ ತಪ್ಪಿತು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಕೋರಮಂಡಲ ತೀರದ ಈ ತೆಪ್ಪಗಳನ್ನು ಹೆಸರಿಸಿದ. 1804ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಬ್ರಿಟಿಷರು ತೇಲಿಬಿಟ್ಟ ಸಿಡಿಮದ್ದಿನ ಪೆಟ್ಟಿಗೆಗಳಿಗೂ ಕ್ಯಾಟಮರಾನ್ ಎಂದೇ ಹೆಸರಾಯಿತು. ಅದೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಜಗಳಗಂಟಿ ಹೆಂಗಸಿಗೂ ಆ ಪದ ಬಳಕೆಯಾಯಿತು. ಬಹುಶಃ ಬೆಕ್ಕಿನ ನೆನಪು ಬಂದಿರಬೇಕು. ಕೊನೆಗೆ ಅದು ನಿಂತಿದ್ದು ಎರಡು ಒಡಲುಗಳನ್ನು ಅಕ್ಕಪಕ್ಕ ಜೋಡಿಸಿದ ಓಟದ ಹಾಯಿದೋಣಿಯ ಮೇಲೆ. ಜಗತ್ತಿಗೆ ಇವತ್ತು ಕ್ಯಾಟಮರಾನ್ ಎಂದರೆ ಅದೇ. ಮದರಾಸಿನ ಕಟ್ಟುಮರಕ್ಕೆ ಒಡಲು ಎರಡಿರಲಿಲ್ಲ. ನಿಜ ಹೇಳಬೇಕೆಂದರೆ ಒಂದೂ ಇರಲಿಲ್ಲ.

ಅದರಲ್ಲಿ ಇದ್ದದ್ದು ಮರದ ದಿಮ್ಮಿಗಳು, ಮೂರರಿಂದ ಏಳರವರೆಗೆ. ಶ್ರೀಲಂಕಾದ ತ್ರಿಂಕೋಮಲಿಯ ಹಡಗುಕಟ್ಟೆಯಲ್ಲಿ ಮುಖ್ಯಸ್ಥನಾಗಿದ್ದ ಜಾನ್ ಎಡೈ 1834ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಕೋರಮಂಡಲ, ಮಲಬಾರ್, ಸಿಂಹಳ ತೀರಗಳ ದೋಣಿಗಳ ಬಗ್ಗೆ ದೀರ್ಘ ಲೇಖನ ಬರೆದ. ಅದರಲ್ಲಿ ಈ ತೆಪ್ಪವೂ ಇದೆ: ಇಪ್ಪತ್ತು ಇಪ್ಪತ್ತೈದು ಅಡಿ ಉದ್ದದ ದಿಮ್ಮಿಗಳು, ನಡುವಿನದು ಉಳಿದವಕ್ಕಿಂತ ಉದ್ದ. ಅವು ಕಾಡಿನಿಂದ ಕಡಿದು ತಂದಂತೆಯೇ ಇರುತ್ತಿರಲಿಲ್ಲ. ಪ್ರತಿಯೊಂದನ್ನೂ ಕೆತ್ತಿ, ಮೂತಿ ಮೇಲೇರುವಂತೆ ತಿದ್ದಿ, ಪಕ್ಕದ್ದಕ್ಕೆ ಹೊಂದುವಂತೆ ಮಾಡಿರುತ್ತಿದ್ದರು. ಎಡದ್ದನ್ನು ಬಲಕ್ಕೆ ಹಾಕಲು ಬರುವಂತಿರಲಿಲ್ಲ. ಮುಂದೊಂದು ಹಿಂದೊಂದು ಅಡ್ಡಪಟ್ಟಿಯ ಜೊತೆ ನಾರಿನ ಹಗ್ಗದಿಂದ ಬಿಗಿದರೆ ದೋಣಿ ಸಿದ್ಧ. ನೀರು ಒಳಗೆ ಬರುವ ಭಯವಿಲ್ಲ, ಏಕೆಂದರೆ ಒಳಗು ಎಂಬುದೇ ಇಲ್ಲ. ಅಲೆ ಮೇಲೆ ಬಂದು ದಿಮ್ಮಿಗಳ ಸಂದಿಯಿಂದ ಇಳಿದುಹೋಗುತ್ತದೆ. ಮಗುಚಿದರೆ ಮತ್ತೆ ಮಗುಚಿ ಹತ್ತಿ ಕೂರಬಹುದು.

ಆದರೆ ಮರ ನೀರು ಕುಡಿಯುತ್ತದೆ. ಕಟ್ಟುಮರದ ಇಡೀ ಗುಟ್ಟು ಈ ಒಂದು ಮಾತಿನಲ್ಲಿದೆ. ಅದಕ್ಕೆ ಆರಿಸುತ್ತಿದ್ದದ್ದು ಅಲ್ಬೀಸಿಯಾ ಜಾತಿಯ, ಹೆಬ್ಬೇವಿನ ಜಾತಿಯ ಹಗುರ ಮರಗಳನ್ನು. ಹಗುರ ಮರವೆಂದರೆ ಒಳಗೆ ಹೆಚ್ಚು ಗಾಳಿ, ಎಂದರೆ ನೀರಿಗೆ ಹೆಚ್ಚು ಜಾಗ. ಒಂದು ಘನ ಅಡಿ ನೀರು ಸುಮಾರು 28 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಹಗುರ ಮರ ಒಣಗಿದಾಗ 10 ಕಿಲೋ ಇದೆ ಎಂದುಕೊಂಡರೆ ಅದು 18 ಕಿಲೋ ಭಾರವನ್ನು ತೇಲಿಸಬಲ್ಲದು. ಅದೇ ತುಂಡು 4 ಕಿಲೋ ನೀರು ಕುಡಿಯಿತೆಂದರೆ ತೇಲಿಸುವ ಶಕ್ತಿ 14ಕ್ಕೆ ಇಳಿಯಿತು. ಇಬ್ಬರು ಮನುಷ್ಯರು, ಬಲೆ, ಹಿಡಿದ ಮೀನು ಎಲ್ಲವೂ ಆ ಮಿಕ್ಕ ಶಕ್ತಿಯ ಮೇಲೆ ಕೂತಿರುವಾಗ ಇದು ಸಣ್ಣ ಇಳಿಕೆಯಲ್ಲ. ಎರಡು ಮೂರು ದಿನ ಒಣಗದೆ ನೀರಲ್ಲೇ ಇದ್ದ ಕಟ್ಟುಮರ ಮುಳುಗುವುದಿಲ್ಲ, ಆದರೆ ಮಂಕಾಗುತ್ತದೆ. ಅಲೆಯ ಮೇಲೇರುವ ಬದಲು ಅಲೆಯೊಳಗೆ ನುಗ್ಗುತ್ತದೆ.

ಹಾಗಾಗಿ ದಡ ಮುಟ್ಟಿದ ಮೇಲಿನ ಮೊದಲ ಕೆಲಸಗಳಲ್ಲಿ ಒಂದು, ಹಗ್ಗ ಬಿಚ್ಚುವುದು. ಬಿಚ್ಚಿದ ಒಂದೊಂದು ದಿಮ್ಮಿಯನ್ನು ಇಬ್ಬರು ಹೆಗಲಿಗೇರಿಸಿ ಅಲೆ ಮುಟ್ಟದ ಒಣಮರಳಿಗೆ ಹೊತ್ತೊಯ್ಯುತ್ತಿದ್ದರು. ಕಟ್ಟಿದ ತೆಪ್ಪವನ್ನು ಎಳೆಯಲು ಎಂಟು ಹತ್ತು ಜನ ಬೇಕು. ಬಿಚ್ಚಿದರೆ ಅದರಲ್ಲಿ ಹೋಗಿಬಂದವರೇ ಸಾಕು. ಒಣಮರಳಿನ ಮೇಲೆ ದಿಮ್ಮಿಗಳನ್ನು ಬಿಡಿಬಿಡಿಯಾಗಿ ಹರಡಿ, ನಾಲ್ಕೂ ಕಡೆ ಬಿಸಿಲು ಗಾಳಿ ಆಡುವಂತೆ ಬಿಡುತ್ತಿದ್ದರು. ಹಗ್ಗ ಸುರುಳಿ ಸುತ್ತಿ ಮನೆಗೆ. ಮರುದಿನ ನಸುಕಿಗೆ ಮತ್ತೆ ಕಟ್ಟು. ಯಾವ ಅಟ್ಟಣೆಯೂ ಬೇಡ, ಯಾವ ಮನೆಯೂ ಬೇಡ. ಬಿಸಿ ಮರಳೇ ಅಟ್ಟಣೆ. ಕಯಾಕಿನ ಅಟ್ಟಣೆ ದೋಣಿಯ ಹೊರಗಿನ ವಸ್ತು. ಕಟ್ಟುಮರದಲ್ಲಿ ಇಡುವ ವಿಧಾನವೇ ದೋಣಿಯ ವಿನ್ಯಾಸದ ಅರ್ಧ ಭಾಗವಾಗಿತ್ತು. ಇಂಗ್ಲಿಷಿಗೆ ಹೋದ ಪದದಲ್ಲಿ ಕಟ್ಟುವುದಷ್ಟೇ ಉಳಿಯಿತು, ಬಿಚ್ಚುವುದು ಬಿಟ್ಟುಹೋಯಿತು.

ಪಶ್ಚಿಮದ ಕಡಲಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕನ್ನಡ ಕರಾವಳಿಯಲ್ಲಿ ಬಿಸಿಲು ದೋಣಿಯ ಮಿತ್ರನಲ್ಲ. ಒಂದೇ ಮರ ಕೊರೆದು ಮಾಡಿದ ದೋಣಿ ಬಿಸಿಲಿಗೆ ಬಿರಿಯುತ್ತದೆ. ಹಲಗೆ ಜೋಡಿಸಿದ ದೋಣಿ ಒಣಗಿದರೆ ಹಲಗೆ ಕುಗ್ಗಿ ಸಂದಿ ಬಿಡುತ್ತದೆ. ಅದಕ್ಕೇ ಅಲ್ಲಿ ದೋಣಿಗೆ ತೆಂಗಿನ ಮಡಲಿನ ನೆರಳು, ಮೈಗೆ ಬೂತಾಯಿ ಎಣ್ಣೆ. ಒಂದು ತೀರದಲ್ಲಿ ಒಣಗದಂತೆ ಕಾಯಬೇಕು, ಇನ್ನೊಂದು ತೀರದಲ್ಲಿ ಒಣಗಿಸಿಯೇ ತೀರಬೇಕು. ತೀರಗಳ ಸ್ವಭಾವವೂ ಬೇರೆ. ಗಂಗೊಳ್ಳಿ, ಮಲ್ಪೆ, ಮಂಗಳೂರು ಎಲ್ಲವೂ ಅಳಿವೆಗಳ ಊರು. ಹೊಳೆಯ ಬಾಯಿ ಹೊಕ್ಕರೆ ದೋಣಿಗೆ ನೀರಲ್ಲೇ ಆಸರೆ ಸಿಗುತ್ತದೆ. ಮದರಾಸಿನಲ್ಲಿ ಕೂವಂ, ಅಡಯಾರ್ ನದಿಗಳ ಬಾಯಿ ಬೇಸಿಗೆ ಬಂತೆಂದರೆ ಮರಳು ಕಟ್ಟಿ ಮುಚ್ಚಿಹೋಗುತ್ತಿತ್ತು. ತೆರೆದ ಮರಳ ದಂಡೆ, ವರ್ಷವಿಡೀ ಒಡೆಯುವ ಅಲೆ, ಅದರಾಚೆ ಸಮುದ್ರ. ದೋಣಿ ಪ್ರತಿದಿನ ಅಲೆ ದಾಟಿ ಹೋಗಬೇಕು, ಪ್ರತಿದಿನ ನೆಲಕ್ಕೆ ಬರಬೇಕು. ಆಗ ಎರಡು ತೀರಗಳೂ ಮದರಾಸ್ ಪ್ರಾಂತ್ಯದ ಒಂದೇ ಮೀನುಗಾರಿಕೆ ಇಲಾಖೆಯ ಕೆಳಗಿದ್ದವು. ಆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ವಿನ್ಯಾಸದ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡೂ ತೀರದ ದೋಣಿಗಳು ಅಕ್ಕಪಕ್ಕ ಬರುತ್ತವೆ. ಪದಗಳಲ್ಲೂ ಈ ನೆಂಟಸ್ತಿಕೆ ಇದೆ. ತಮಿಳಿನ ಪಡಗು, ಹಳಗನ್ನಡದ ಪಡಗು, ಈಗಿನ ಹಡಗು ಮೂರೂ ಒಂದೇ ಪದ. ತಮಿಳಿನಲ್ಲಿ ಅದು ಸಣ್ಣ ದೋಣಿಯಾಗಿ ಉಳಿಯಿತು, ಕನ್ನಡದಲ್ಲಿ ಬೆಳೆದು ಸಮುದ್ರ ದಾಟಿತು.

ಕಟ್ಟುಮರ ಒಂಟಿಯಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ 1639ರಲ್ಲಿ ಮದರಾಸಿನ ಮರಳಿನ ಮೇಲೆ ಜಾಗ ಪಡೆದಾಗ ಅಲ್ಲಿ ಬಂದರಿರಲಿಲ್ಲ. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನ, ಬಟ್ಟೆಯ ಮೂಟೆ, ಕುದುರೆ, ಗವರ್ನರು ಎಲ್ಲರೂ ಎಲ್ಲವೂ ದಡಕ್ಕೆ ಬರಬೇಕಾದದ್ದು ಮಸೂಲಾ ದೋಣಿಯಲ್ಲಿ. ಅದು ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಮಾಡಿದ ದೊಡ್ಡ ದೋಣಿ, ಒಂದೇ ಒಂದು ಮೊಳೆ ಇಲ್ಲ. ಅಲೆ ಎತ್ತಿ ಮರಳಿಗೆ ಕುಕ್ಕಿದಾಗ ಮೊಳೆ ಹೊಡೆದ ದೋಣಿ ಸೀಳುತ್ತದೆ. ಹೊಲಿದ ದೋಣಿ ಬುಟ್ಟಿಯಂತೆ ಬಳುಕುತ್ತದೆ. ಅದರ ಪಕ್ಕದಲ್ಲೇ ಕಾವಲಿಗೆ ಕಟ್ಟುಮರ. ದೋಣಿ ಮಗುಚಿ ಬಿದ್ದವರನ್ನು ಎತ್ತುವುದು ಕಟ್ಟುಮರದವರ ಕೆಲಸ. ಜೀವ ಉಳಿಸಿದ್ದಕ್ಕೆ ಪದಕ ಪಡೆದವರೂ ಅವರಲ್ಲಿದ್ದರು. ಯಾವ ದೋಣಿಯೂ ಇಳಿಯಲಾಗದ ದಿನ ಹಡಗಿಗೆ ಕಾಗದ ಒಯ್ಯುತ್ತಿದ್ದವರೂ ಅವರೇ, ನೀರು ತಾಕದಂತೆ ಮೊನಚು ಟೋಪಿಯೊಳಗೆ ಮಡಚಿಟ್ಟುಕೊಂಡು.

ಕಲ್ಲಿನ ಬಂದರು ಕಟ್ಟುವ ಕೆಲಸಕ್ಕೆ 1875ರಲ್ಲಿ ವೇಲ್ಸ್ ರಾಜಕುಮಾರ ಅಡಿಗಲ್ಲಿಟ್ಟ. 1881ರ ನವೆಂಬರಿನ ಚಂಡಮಾರುತ ಕಟ್ಟಿದ್ದರಲ್ಲಿ ಬಹಳಷ್ಟನ್ನು ಮುರಿದುಹಾಕಿತು. ಮತ್ತೆ ಕಟ್ಟಿದರು. ಬಂದರು ಬಂದ ಮೇಲೆ ಮಸೂಲಾ ದೋಣಿಗೆ ಹಡಗಿನ ಕೆಲಸ ತಪ್ಪಿತು. ಆದರೆ ಬಂದರು ಇನ್ನೊಂದು ಕೆಲಸ ಮಾಡಿತು, ಅದನ್ನು ಕಟ್ಟಿದವರ ಉದ್ದೇಶದಲ್ಲಿ ಇಲ್ಲದ್ದು. ಈ ತೀರದಲ್ಲಿ ಮರಳು ವರ್ಷದ ಹೆಚ್ಚಿನ ಕಾಲ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಕಲ್ಲಿನ ಗೋಡೆ ಅದನ್ನು ತಡೆಯಿತು. ಗೋಡೆಯ ದಕ್ಷಿಣಕ್ಕೆ ಮರಳು ಸೇರಿ ಸೇರಿ ದಂಡೆ ಅಗಲವಾಗುತ್ತ ಹೋಯಿತು. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ಅಲ್ಲಿ ಅಡ್ಡಾಡುವ ಹಾದಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಉತ್ತರಕ್ಕೆ, ರಾಯಪುರಂನಿಂದ ತಿರುವೊತ್ತಿಯೂರಿನವರೆಗೆ, ಮರಳು ಬರುವುದು ನಿಂತು ಕಡಲು ದಂಡೆಯನ್ನು ಕೊರೆಯತೊಡಗಿತು. ಕಟ್ಟುಮರದ ಲೆಕ್ಕದಲ್ಲಿ ಹೇಳುವುದಾದರೆ, ಉತ್ತರದ ಕುಪ್ಪಗಳವರ ಅಟ್ಟಣೆ ಕಡಲು ಪಾಲಾಯಿತು, ದಕ್ಷಿಣದವರದು ದೊಡ್ಡದಾಯಿತು. ಆದರೆ ಹಾಗೆ ದೊಡ್ಡದಾದ ಜಾಗದ ಮೇಲೆ ನಗರಕ್ಕೂ ಕಣ್ಣು ಬಿತ್ತು.

ಇದೇ ಊರಿನಲ್ಲಿ ದೋಣಿ ಇಡಲು ಜಾಗದ ಚಿಂತೆ ಇಲ್ಲದವರೂ ಇದ್ದರು. 1867ರಲ್ಲಿ ಶುರುವಾದ ಮದರಾಸ್ ಬೋಟ್ ಕ್ಲಬ್ಬಿನ ಮನೆ ಅಡಯಾರ್ ನದಿಯ ದಡದಲ್ಲಿದೆ. ಓಟದ ರೋಯಿಂಗ್ ದೋಣಿ ಕೋಲಿನಂತೆ ತೆಳ್ಳಗೆ. ಎಂಟು ಜನ ಕೂರುವಂಥದ್ದು ಸುಮಾರು ಅರವತ್ತು ಅಡಿ ಉದ್ದ. ಅದನ್ನು ಮರಳಿನ ಮೇಲೆ ಎಳೆದು ಬಿಸಾಡುವಂತಿಲ್ಲ. ಅದಕ್ಕೊಂದು ಸೂರು ಬೇಕು, ಸೂರಿನೊಳಗೆ ಗೋಡೆಯಿಂದ ಚಾಚಿದ ತೋಳು ಬೇಕು, ತೋಳಿನ ಮೇಲೆ ಒಂದರ ಮೇಲೊಂದು ಬೋರಲಾಗಿ ಮಲಗಿಸಬೇಕು. 1898ರಿಂದ ಮದರಾಸ್ ಮತ್ತು ಕೊಲಂಬೊ ಕ್ಲಬ್ಬುಗಳ ನಡುವೆ ಪಂದ್ಯ ನಡೆಯುತ್ತಿದೆ. ದೋಣಿ ಇಡುವ ಮನೆಯನ್ನು ಇಂಗ್ಲಿಷರು ಬೋಟ್‌ಹೌಸ್ ಎಂದರು. ಅದರ ಸುತ್ತ ಬೆಳೆದ ಬೀದಿ ಊರಿನ ಅತಿ ದುಬಾರಿ ವಿಳಾಸಗಳಲ್ಲಿ ಒಂದಾಯಿತು. ಬೋಟ್‌ಹೌಸ್ ಒಂದು ಕಟ್ಟಡವಾದ್ದರಿಂದ ಅದು ದೋಣಿ ಇಡುವ ಜಾಗ ಎಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮರೀನಾದಲ್ಲಿ ದೋಣಿ ಇಡುವ ಜಾಗಕ್ಕೆ ಗೋಡೆ, ಬಾಗಿಲು, ಫಲಕ ಯಾವುದೂ ಇರಲಿಲ್ಲ. ನೋಡುವವರಿಗೆ ಅದು ಖಾಲಿ ಮರಳು, ಮೇಲೊಂದಿಷ್ಟು ಚದುರಿ ಬಿದ್ದ ದಿಮ್ಮಿಗಳು.

1985ರಲ್ಲಿ ಎಂ. ಜಿ. ರಾಮಚಂದ್ರನ್ ಸರ್ಕಾರ ಮರೀನಾವನ್ನು ಚೆಂದಗಾಣಿಸಲು ಹೊರಟಾಗ ಕಂಡದ್ದೂ ಅದೇ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ದಂಡೆಯ ಮೇಲಿನ ಕಟ್ಟುಮರಗಳನ್ನೂ ಬಲೆಗಳನ್ನೂ ತೆರವು ಮಾಡಿಸಲು ಅಧಿಕಾರಿಗಳು ಮುಂದಾದರು. ನಡುಕುಪ್ಪಂ, ಅಯೋಧ್ಯಾಕುಪ್ಪಂ, ನೊಚ್ಚಿಕುಪ್ಪಂ ಮೊದಲಾದ ಕೇರಿಗಳವರು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಮೀನುಗಾರರು ಸತ್ತರು. ಕುಪ್ಪಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ.

ದೋಣಿಯನ್ನು ಬೇರೆ ಕಡೆ ಇಟ್ಟರೇನು ಎಂದು ಕೇಳುವವರಿದ್ದರು, ಈಗಲೂ ಇದ್ದಾರೆ. ಪ್ರಾಮಾಣಿಕವಾದ ಪ್ರಶ್ನೆಯೇ. ಆದರೆ ಮೇಲಿನ ಲೆಕ್ಕ ಬಲ್ಲವರಿಗೆ ಉತ್ತರವೂ ಗೊತ್ತು. ಹಸಿ ದಿಮ್ಮಿಯನ್ನು ಹೊತ್ತು ರಸ್ತೆ ದಾಟಿ ಅರ್ಧ ಮೈಲಿ ಹೋಗಲಾಗದು. ನೆರಳಿನ ಗೋದಾಮಿನಲ್ಲಿ ಒತ್ತೊತ್ತಾಗಿ ಪೇರಿಸಿದರೆ ಅದು ಒಣಗದು. ಮೋಡ, ಗಾಳಿ, ಅಲೆ ಒಡೆಯುವ ರೀತಿ ನೋಡಿ ಇವತ್ತು ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವನಿಗೆ ದೋಣಿಯೂ ಕಡಲೂ ಒಂದೇ ನೋಟದಲ್ಲಿರಬೇಕು. ಒಂದು ಕಟ್ಟುಮರ ಬಿಚ್ಚಿಕೊಂಡಾಗ ಕಟ್ಟಿದಾಗಿನದಕ್ಕಿಂತ ಮೂರು ನಾಲ್ಕು ಪಟ್ಟು ಜಾಗ ಬೇಡುತ್ತದೆ. ಆ ಜಾಗದಲ್ಲಿ ಏನೂ ನಡೆಯುತ್ತಿಲ್ಲವೆಂದು ಕಾಣುವ ಹೊತ್ತಿನಲ್ಲೇ ಅಲ್ಲಿ ಮರುದಿನದ ದೋಣಿ ತಯಾರಾಗುತ್ತಿರುತ್ತದೆ. ಗದ್ದೆ ಕಟಾವಾಗಿ ಖಾಲಿ ಬಿದ್ದಿದೆಯೆಂದು ಯಾರೂ ಅದನ್ನು ಬಂಜರು ಎನ್ನುವುದಿಲ್ಲ. ದಂಡೆಗೆ ಆ ಮರ್ಯಾದೆ ಸಿಗಲಿಲ್ಲ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 2011ರಲ್ಲಿ ಪರಿಷ್ಕರಣೆಯಾದಾಗ, ಮೀನುಗಾರರ ಊರುಗಳನ್ನೂ ಅವರ ಸಾಮೂಹಿಕ ಜಾಗಗಳನ್ನೂ ಮೀನು ಒಣಗಿಸುವ ಕಟ್ಟೆಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂಬ ಮಾತು ಸೇರಿತು. ಕಾಗದದ ಮೇಲೆ ದಂಡೆ ಖಾಲಿಯಲ್ಲ ಎಂದು ಒಪ್ಪಿಕೊಂಡ ಹಾಗಾಯಿತು.

ಅಷ್ಟರಲ್ಲಿ ದೋಣಿಯೇ ಬದಲಾಗತೊಡಗಿತ್ತು. 1979ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸ್ವೀಡನ್ನಿನ ನೆರವಿನಿಂದ ಬಂಗಾಳಕೊಲ್ಲಿಯ ಸಣ್ಣ ಮೀನುಗಾರರಿಗಾಗಿ ಒಂದು ಯೋಜನೆ ಶುರುಮಾಡಿತು. ಅದರ ಕಚೇರಿ ಮದರಾಸಿನಲ್ಲಿ. ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು, ಎಂಜಿನ್ ಇದ್ದೂ ಅಲೆ ದಾಟಿ ಮರಳಿಗೆ ಬಂದಿಳಿಯಬಲ್ಲ ದೋಣಿಯನ್ನು ರೂಪಿಸುವುದು. ನುರಿತ ನೌಕಾ ವಿನ್ಯಾಸಕರು ಮಾದರಿಯ ಮೇಲೆ ಮಾದರಿ ಮಾಡಿ ನೋಡಿದರು. ತೇಲುವ ದೋಣಿ ಮಾಡುವುದು ಕಷ್ಟವಿರಲಿಲ್ಲ. ದಿನಾ ಅಲೆಯ ಏಟು ತಿಂದು, ದಿನಾ ಮರಳಿನ ಮೇಲೆ ಎಳೆಸಿಕೊಂಡು, ಮತ್ತೆ ಮರುದಿನ ಇಳಿಯುವ ದೋಣಿ ಮಾಡುವುದು ಕಷ್ಟವಾಗಿತ್ತು. ಹಳೆಯ ತೆಪ್ಪ ಎಂಥ ಲೆಕ್ಕದ ಮೇಲೆ ನಿಂತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಗುರ ಮರವೂ ಕೇರಳದ ಕಾಡುತೋಟಗಳಿಂದ ಬರಬೇಕಿದ್ದು, ದುಬಾ್ರಿಯಾಗುತ್ತ ಹೋಯಿತು.

2004ರ ಡಿಸೆಂಬರ್ 26ರ ಸುನಾಮಿ ಇದನ್ನು ಒಮ್ಮೆಗೇ ಮುಗಿಸಿತು ಎನ್ನಬಹುದು. ದಂಡೆಯ ಮೇಲೆ ಬಿಡಿಬಿಡಿಯಾಗಿ ಮಲಗಿದ್ದ ದಿಮ್ಮಿಗಳನ್ನು ಅಲೆ ಎತ್ತಿಕೊಂಡು ಹೋಯಿತು. ಒಂದು ಕುಪ್ಪದ ದಿಮ್ಮಿ ಇನ್ನೊಂದರಲ್ಲಿ. ಜೋಡಿ ತಪ್ಪಿದ ದಿಮ್ಮಿಗೆ ಬೆಲೆ ಇಲ್ಲ. ಪರಿಹಾರವಾಗಿ ಬಂದದ್ದು ಹೆಚ್ಚಾಗಿ ಫೈಬರ್ ದೋಣಿಗಳು, ಜೊತೆಗೆ ಹಿಂಬದಿಗೆ ತಗುಲಿಸುವ ಮೋಟಾರು. ಹೊಸ ದೋಣಿ ಒಣಗಬೇಕಿಲ್ಲ. ಬದಲಿಗೆ ಅದು ಭಾರ. ಬಿಚ್ಚಿ ಹೊರಲು ಬರುವುದಿಲ್ಲ. ಅದನ್ನು ಮರಳಿನ ಮೇಲೆ ಎಳೆಯಲು ಈಗ ಚೆನ್ನೈನ ದಂಡೆಗಳಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಅದರ ನಡುವೆ ಒಂದು ಕುತೂಹಲದ ವಸ್ತುವೂ ಹುಟ್ಟಿತು: ಫೈಬರ್ ಕಟ್ಟುಮರ. ಹೊರಗೆ ಹಳೆಯ ದಿಮ್ಮಿ ತೆಪ್ಪದ್ದೇ ಆಕಾರ, ಒಳಗೆ ತೇಲಿಸಲು ಫೋಮು. ಕಟ್ಟುವ ಹಗ್ಗವಿಲ್ಲ, ಮರವೂ ಇಲ್ಲ. ಹೆಸರು ಮಾತ್ರ ಕಟ್ಟುಮರಂ.

ಹೊಸ ದೋಣಿಗೂ ದಂಡೆ ಬೇಕೇ ಬೇಕು. 2015ರ ಡಿಸೆಂಬರಿನಲ್ಲಿ ಅಡಯಾರ್ ಉಕ್ಕಿ ಚೆನ್ನೈನ ಬಡಾವಣೆಗಳು ಮುಳುಗಿದಾಗ ಕುಪ್ಪಗಳವರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋಗಿ ಜನರನ್ನು ಮಹಡಿಗಳಿಂದ ಇಳಿಸಿ ತಂದರು. 2023ರ ಮಿಚಾಂಗ್ ಚಂಡಮಾರುತದಲ್ಲೂ ಹಾಗೇ ಆಯಿತು. ಊರಿನ ನಡುವಿನ ದಂಡೆಯ ಮೇಲೇ ದೋಣಿಗಳಿದ್ದದ್ದರಿಂದ ಅವು ಬೇಗ ಬಂದವು. ಅದೇ 2023ರ ಏಪ್ರಿಲ್‌ನಲ್ಲಿ ಮರೀನಾ ಲೂಪ್ ರೋಡಿನ ಬದಿಯ ಮೀನಿನ ಅಂಗಡಿಗಳಿಂದ ಸಂಚಾರಕ್ಕೆ ಅಡ್ಡಿಯಾಗುತ್ತಿದೆಯೆಂದು ಮದರಾಸ್ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಪಾಲಿಕೆ ಅಂಗಡಿಗಳನ್ನು ತೆಗೆಸಲು ಬಂತು, ಮೀನುಗಾರರು ರಸ್ತೆಯಲ್ಲೇ ಕೂತರು. ಆ ರಸ್ತೆ ಕುಪ್ಪಕ್ಕೂ ದಂಡೆಗೂ ನಡುವೆ ಹಾದುಹೋಗುತ್ತದೆ. ರಸ್ತೆಗಿಂತ ಕುಪ್ಪ ಹಳೆಯದು ಎಂಬುದು ಅವರ ವಾದ. 2024ರಲ್ಲಿ ನೊಚ್ಚಿಕುಪ್ಪಂ ಬಳಿ ಲೂಪ್ ರೋಡಿನಲ್ಲೇ ಹೊಸ ಮೀನು ಮಾರುಕಟ್ಟೆ ಶುರುವಾಯಿತು. ಮೀನಿಗೆ ಒಂದು ಕಟ್ಟಡವಾಯಿತು. ದೋಣಿಗಳು ಈಗಲೂ ಅದರೆದುರಿಗೆ, ರಸ್ತೆಗೂ ನೀರಿಗೂ ನಡುವಿನ ಮರಳಿನ ಮೇಲಿವೆ, ಮೂತಿ ಕಡಲಿನ ಕಡೆಗೆ.